ಹೊಳಪಿನ ಬೆಲೆ

ಹೊಳಪೆಂಬುದು ಅಂಗಡಿಯ ಡಬ್ಬಿಯೊಳಗೆ ಸಿದ್ಧವಾಗಿ ದೊರೆಯುವ ಪದಾರ್ಥವೆಂದು ನಂಬಿದವರು, ಆಯುಧಪೂಜೆಯ ಹಿಂದಿನ ಭಾನುವಾರ ಬಸವನಗುಡಿಯ ರಾಯರ ಮನೆಯ ಪೋರ್ಟಿಕೋವನ್ನು ಒಮ್ಮೆ ನೋಡಬೇಕು. ಅರವತ್ತೆಂಟರ ರಾಯರು ಪಂಚೆಯನ್ನು ಮೇಲಕ್ಕೆ ಕಟ್ಟಿ, ಹಳೆಯ ಬನಿಯನ್ನಿನ ತುಂಡೊಂದನ್ನು ಹಿಡಿದು, ತಂದೆಯವರು ೧೯೭೮ರಲ್ಲಿ ಕೊಂಡ ಕಡುನೀಲಿ ಅಂಬಾಸಡರ್ ಕಾರಿನೊಡನೆ ಮಲ್ಲಯುದ್ಧಕ್ಕೆ ನಿಂತಿರುತ್ತಾರೆ. ಬಂಗಾಳದ ಉತ್ತರಪಾರಾದಲ್ಲಿ ಆ ಕಾರಿನ ತಯಾರಿಕೆ ೨೦೧೪ರಲ್ಲಿಯೇ ನಿಂತುಹೋಯಿತು. ರಾಯರ ಸೇವೆ ಮಾತ್ರ ನಿಂತಿಲ್ಲ.

ಈ ಕೆಲಸಕ್ಕೆ ತನ್ನದೇ ಆದ ಮಡಿಯುಂಟು. ಮೊದಲು ಧಾರಾಳವಾಗಿ ನೀರೆರೆದು ಧೂಳನ್ನು ತೊಳೆಯಬೇಕು; ಒಂದೇ ಒಂದು ಮರಳಿನ ಕಣ ಉಳಿದರೂ ಬಟ್ಟೆಯ ಕೆಳಗೆ ಅದು ಗೀರೆಳೆಯುತ್ತದೆ. ನೆಲಕ್ಕೆ ಬಿದ್ದ ಬಟ್ಟೆ ಮೈಲಿಗೆ. ಬಿಸಿಲು ಕೂಡದು; ಕಾದ ತಗಡಿನ ಮೇಲೆ ಪಾಲಿಷು ತಿಕ್ಕುವ ಮೊದಲೇ ಒಣಗಿ ಅಂಟಿಕೊಳ್ಳುತ್ತದೆ. ಒಮ್ಮೆಗೆ ಒಂದು ಚದರಡಿಗಿಂತ ಹೆಚ್ಚಿಗೆ ಆಸೆಪಡಬಾರದು. ಬಾನೆಟ್ಟು ಮುಗಿಯುವಷ್ಟರಲ್ಲಿ ಎರಡು ಲೋಟ ಕಾಫಿ, ಒಂದೂವರೆ ಗಂಟೆ ಹಾಗೂ ಬಲಭುಜದ ಶಕ್ತಿಯೆಲ್ಲ ಸಂದುಹೋಗಿರುತ್ತದೆ. ನಾಲ್ಕು ಬಾಗಿಲುಗಳು, ಡಿಕ್ಕಿ, ಉಬ್ಬಿದ ಮಡ್‌ಗಾರ್ಡುಗಳು ಇನ್ನೂ ಕಾದಿರುತ್ತವೆ.

“ಕಾರಿಗೆ ನೀವು ತಿಕ್ಕಿ, ಸಂಜೆ ನಿಮ್ಮ ಬೆನ್ನಿಗೆ ಎಣ್ಣೆ ನಾನು ತಿಕ್ಕುತ್ತೇನೆ” ಎಂದು ಅವರ ಮಡದಿ ಒಳಗಿನಿಂದಲೇ ನುಡಿದರು.

“ಮೆಷಿನ್ನಿನಲ್ಲಾದರೆ ಒಂದೇ ಮಧ್ಯಾಹ್ನ, ತಾತ” ಎಂದ ಮೊಮ್ಮಗ.

ರಾಯರು ಮಾತನಾಡದೆ ಅವನ ಕೈಗೂ ಒಂದು ಬಟ್ಟೆ ಕೊಟ್ಟರು. ಹುಡುಗ ಹತ್ತು ನಿಮಿಷ ತಿಕ್ಕಿ, ನೀಲಿಯಾದ ಬಟ್ಟೆಯನ್ನು ಹೆಮ್ಮೆಯಿಂದ ತೋರಿಸಿದ.

“ಎಷ್ಟು ಕೊಳೆ ನೋಡಿ!”

“ಕೊಳೆಯಲ್ಲಪ್ಪ, ಬಣ್ಣವೇ ಅದು.”

ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಲೇಪನವೊಂದಿರುತ್ತದೆ. ಈ ಹಳೆಯ ಕಾರಿಗೆ ಆ ಹೊದಿಕೆಯಿಲ್ಲ. ಬಿಸಿಲು, ಗಾಳಿಗಳಿಂದ ಬಣ್ಣದ ಮೇಲ್ಪದರವೇ ಸುಣ್ಣದಂತೆ ಮಂಕಾಗುತ್ತದೆ. ತಿಕ್ಕಿದಾಗ ಅದು ಹೋಗಿ ಕೆಳಗಿನ ಬಣ್ಣ ಮಿನುಗುತ್ತದೆ. ಹೊಳಪನ್ನು ಯಾರೂ ಹಚ್ಚುವುದಿಲ್ಲ. ಮಂಕನ್ನು ತೆಗೆದಾಗ ಉಳಿಯುವುದೇ ಹೊಳಪು.

ಇಷ್ಟರಲ್ಲಿ ಬಾನೆಟ್ಟಿನ ಅಂಚಿನಲ್ಲಿ ಹುಡುಗನಿಗೆ ರೂಪಾಯಿಯಗಲದ ಬೂದು ಕಲೆಯೊಂದು ಕಂಡಿತು. “ಇನ್ನಷ್ಟು ತಿಕ್ಕಿದರೆ ಹೋದೀತು” ಎಂದು ಭಾರ ಹಾಕಿದ. ರಾಯರು ಥಟ್ಟನೆ ಅವನ ಕೈ ಹಿಡಿದರು. ಅದು ಕಲೆಯಲ್ಲ, ಬಣ್ಣ ತೀರಿ ತಳದ ಪ್ರೈಮರು ಇಣುಕಿತ್ತು. ಅಂಚಿನಲ್ಲಿ ಬಣ್ಣ ತೆಳು, ಕೈಯ ಭಾರ ಹೆಚ್ಚು. ತಂದೆಯವರು ಎಷ್ಟು ದಸರೆಗಳಲ್ಲಿ, ಅನಂತರ ತಾವೆಷ್ಟು ದಸರೆಗಳಲ್ಲಿ, ಅದೇ ಅಂಚನ್ನು ಅಕ್ಕರೆಯಿಂದ ತಿಕ್ಕಿದ್ದರು! ಮಳೆ ಬಿಸಿಲುಗಳು ಮಾಡದ ಹಾನಿಯನ್ನು ಅಕ್ಕರೆಯೇ ಮಾಡಿತ್ತು.

“ಹೊಸ ಬಣ್ಣ ಹೊಡೆಸೋಣವೇ, ತಾತ?”

ರಾಯರು ಬಹಳ ಹೊತ್ತು ಆ ನೀಲಿಯನ್ನೇ ನೋಡಿದರು. ತಂದೆಯವರ ಕೈ ಓಡಾಡಿದ ಬಣ್ಣ ಅದೊಂದೇ ಉಳಿದಿತ್ತು.

“ಬೇಡ. ಇನ್ನು ತಿಕ್ಕುವುದು ಸಾಕು, ಮೇಣವಷ್ಟೇ ಸವರೋಣ.”

ಬ್ರೆಜಿಲ್ ದೇಶದ ಕಾರ್ನೌಬಾ ತಾಳೆಯ ಎಲೆಗಳಿಂದ ತೆಗೆದ ಆ ಮೇಣ ಬಣ್ಣವನ್ನು ಸವೆಸದು, ಕಾಯುತ್ತದೆ. ಅದಕ್ಕೆ ತೋಳಿನ ಬಲವೂ ಬೇಡ. ಅಜ್ಜ, ಮೊಮ್ಮಗ ಇಬ್ಬರೂ ಮೆಲ್ಲಮೆಲ್ಲನೆ ಸವರಿದರು.

ಆಯುಧಪೂಜೆಯಂದು ರಾಯರ ಮಡದಿ ಕಾರಿಗೆ ಕುಂಕುಮವಿಡಲು ಬಂದು, ಬಾನೆಟ್ಟಿನ ನಡುವೆ ಒಂದು ಬೊಟ್ಟಿಟ್ಟರು. ಅಂಚಿನ ಬೂದು ಕಲೆ ಕಣ್ಣಿಗೆ ಬಿದ್ದಿತು. ಏನೂ ಕೇಳದೆ, ಅದರ ಮೇಲೂ ಒಂದು ಬೊಟ್ಟಿಟ್ಟರು.