ಓಂ ಬೀಚಿನಲ್ಲಿ ನಾದವೆಷ್ಟು, ಬಲವೆಷ್ಟು?

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮಾಡಿ, ಕೋಟಿತೀರ್ಥದ ಮೆಟ್ಟಿಲುಗಳ ಮೇಲೆ ಕೆಲಹೊತ್ತು ಕುಳಿತ ಯಾತ್ರಿಕನು ಸಂಜೆಯಾಗುತ್ತಲೇ ದಕ್ಷಿಣದ ಗುಡ್ಡಗಳತ್ತ ಹೊರಡುತ್ತಾನೆ. ದಾರಿಯು ಕೆಂಪು ಜಂಬಿಟ್ಟಿಗೆಯ ಬೋಳುಗುಡ್ಡವನ್ನೇರಿ, ಕಡಲಿನ ಮೇಲಣ ಅಂಚಿನಲ್ಲಿ ಮುಗಿದುಹೋಗುತ್ತದೆ. ಕೆಳಗೆ ಅರ್ಧಚಂದ್ರಾಕೃತಿಯ ಎರಡು ಮರಳ ದಂಡೆಗಳು ನಡುವಣ ಬಂಡೆಗಳ ಬಳಿ ಕೂಡಿ ಓಂಕಾರದ ರೂಪವನ್ನು ತಾಳಿವೆ. ಓಂ ಬೀಚ್ ಎಂಬ ಹೆಸರು ಬಂದದ್ದು ಇದರಿಂದಲೇ. ವಾಹನಗಳಿಗೆ ಮೇಲೆಯೇ ನಿಲುಗಡೆ. ಮರಳಿಗೆ ಇಳಿಯಬೇಕಾದರೆ ಮೆಟ್ಟಿಲುಗಳೇ ಗತಿ.

ಆ ನಿಲುಗಡೆಯಲ್ಲಿ ಈಗೀಗ ಇನ್ನೊಂದು ನಾದವೂ ಕೇಳಿಬರುತ್ತದೆ. ಅರಬೈಲು ಘಟ್ಟವನ್ನಿಳಿದು ಬಂದ ಪ್ರವಾಸಿಗಳ ಕಾರುಗಳಲ್ಲಿ, ಸುತ್ತಲಿನ ಊರುಗಳ ಸರಕುಗಾಡಿಗಳಲ್ಲಿ ದೊಡ್ಡ ದೊಡ್ಡ ಸ್ಪೀಕರುಗಳು ಮೊಳಗುತ್ತವೆ. ಅಂಥದೊಂದು ಗಾಡಿಯ ಕಥೆ ಇದು.

ತರುಣನೊಬ್ಬನು ಸಾಲಮಾಡಿ ಕೊಂಡ ಸಣ್ಣ ಸರಕುಗಾಡಿಯದು. ಬೆಳಗಿನ ಜಾವ ತದಡಿಯ ಬಂದರಿನಿಂದ ಮೀನು ತುಂಬಿಕೊಂಡು ಘಟ್ಟದ ಮೇಲಕ್ಕೆ ಒಯ್ಯುವುದು ಅವನ ಕಸುಬು. ಗಾಡಿಯೊಳಗೆ ಹೊಸದಾಗಿ ಆಂಪ್ಲಿಫೈಯರನ್ನೂ ಎರಡು ವೂಫರುಗಳನ್ನೂ ಕೂರಿಸಿದ್ದನು. ಒಂದು ಸಂಜೆ ಗೆಳೆಯರೊಡನೆ ಓಂ ಬೀಚಿಗೆ ಬಂದು, ಇಂಜಿನನ್ನು ನಿಲ್ಲಿಸಿ, ಹಾಡು ಹಚ್ಚಿದನು. ಪ್ರತಿಯೊಂದು ತಾಳಕ್ಕೂ ದೀಪಗಳು ಮಂಕಾಗುತ್ತಿದ್ದುದನ್ನು ಕಂಡು ಗೆಳೆಯರು ಚಪ್ಪಾಳೆ ತಟ್ಟಿದರು. ಅದು ಶೋಭೆಯಲ್ಲ, ಎಚ್ಚರಿಕೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊರಡುವಾಗ ಕೀಲಿ ತಿರುವಿದರೆ ಸೆಲ್ಫ್ ಮೋಟಾರು ಟಕ್ಕೆಂದು ಸದ್ದು ಮಾಡಿ ಸುಮ್ಮನಾಯಿತು. ಗಾಡಿಯನ್ನು ಕತ್ತಲಲ್ಲಿ ತಳ್ಳಿ ತಳ್ಳಿ ಎಬ್ಬಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಅಂದಿನ ಮೀನು ಬೇರೆಯವರ ಗಾಡಿಯನ್ನೇರಿ ಹೋಗಿತ್ತು.

ಮರುದಿನ ಅವನು ಕುಮಟೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರ ಅಂಗಡಿಯ ಮುಂದೆ ನಿಂತಿದ್ದನು.

“ಇನ್ನೊಂದು ಬ್ಯಾಟರಿ ಇಟ್ಟರೆ ಸಾಕಲ್ಲವೇ ಅಣ್ಣ?”

“ಬ್ಯಾಟರಿ ಎಂದರೆ ಹಂಡೆ, ತಮಾ. ನೀರು ಬರುವುದು ಬಾವಿಯಿಂದ. ಬಾವಿ ಎಂದರೆ ಡೈನಮೋ. ಎರಡು ಹಂಡೆ ಇಟ್ಟರೆ ಬಾವಿಯ ನೀರು ಹೆಚ್ಚುತ್ತದೆಯೇ?”

ಡೈನಮೋ ಎಂದು ಗ್ಯಾರೇಜುಗಳಲ್ಲಿ ಕರೆಯುವುದು ಆಲ್ಟರ್ನೇಟರನ್ನೇ. ಹಿರಿಯರು ಲೆಕ್ಕವನ್ನು ಬಿಡಿಸಿ ಹೇಳಿದರು. 1000 ವಾಟಿನ ನಿಜವಾದ ಧ್ವನಿಶಕ್ತಿ ಬೇಕಾದರೆ, ಆಂಪ್ಲಿಫೈಯರು ತಾನು ಪಡೆದುದರಲ್ಲಿ ಶೇಕಡಾ 60ರಷ್ಟನ್ನು ಮಾತ್ರ ಸ್ಪೀಕರಿಗೆ ಕೊಡುವುದೆಂದು ಹಿಡಿದರೆ, 13.8 ವೋಲ್ಟಿನಲ್ಲಿ ಸುಮಾರು 120 ಆಂಪಿಯರ್ ಹರಿಯಬೇಕು. 55 ವಾಟಿನ ಎರಡು ಮುಂದೀಪಗಳಿಗೆ ಸಾಕಾಗುವುದು ಬರೇ 8 ಆಂಪಿಯರ್! ಇಂಜಿನು ನಿಧಾನವಾಗಿ ತಿರುಗುವಾಗ ಆಲ್ಟರ್ನೇಟರು ತನ್ನ ಪೂರ್ಣ ಶಕ್ತಿಯನ್ನೂ ಕೊಡಲಾರದು. ಇಂಜಿನು ನಿಂತರಂತೂ ಭಾರವೆಲ್ಲ ಬ್ಯಾಟರಿಯ ಮೇಲೆಯೇ.

ಆದುದರಿಂದ ಮೊದಲು ದೊಡ್ಡ ಆಲ್ಟರ್ನೇಟರು. ಬಳಿಕ ಮೂರು ದಪ್ಪ ತಾಮ್ರದ ತಂತಿಗಳು: ಆಲ್ಟರ್ನೇಟರಿನಿಂದ ಬ್ಯಾಟರಿಗೆ ಒಂದು, ಬ್ಯಾಟರಿಯ ಋಣತುದಿಯಿಂದ ಗಾಡಿಯ ಚಾಸಿಗೆ ಒಂದು, ಇಂಜಿನಿನಿಂದ ಚಾಸಿಗೆ ಇನ್ನೊಂದು. ಹೋದ ವಿದ್ಯುತ್ತು ಚಾಸಿಯ ಮೂಲಕವೇ ಹಿಂದಿರುಗಬೇಕಷ್ಟೆ. ಹೋಗುವ ದಾರಿಯೊಂದನ್ನೇ ಅಗಲಮಾಡಿದರೆ ಫಲವಿಲ್ಲ. ದೊಡ್ಡ ಲಾರಿಗಳಲ್ಲಿ ಮತ್ತೊಂದು ತೊಡಕುಂಟು. ಅಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟು ಮಾಡಿರುತ್ತಾರೆ. ಹಾಡಿಗೆಂದು ಒಂದರಿಂದಲೇ 12 ವೋಲ್ಟು ಕದ್ದರೆ ಅದು ಸೊರಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜಾಗಿ ಕೆಡುತ್ತದೆ. ಅಲ್ಲಿ ಕನ್ವರ್ಟರು ಬೇಕೇ ಬೇಕು.

ಹಿರಿಯರು ಬಾನೆಟ್ಟನ್ನೆತ್ತಿ ನೋಡಿದರು. ಕಡಲ ಉಪ್ಪುಗಾಳಿಗೆ ಬ್ಯಾಟರಿಯ ತುದಿಗಳಲ್ಲಿ ಹಸಿರು ಕಿಲುಬು ಹತ್ತಿತ್ತು. ಅದಕ್ಕಿಂತ ಅವರನ್ನು ಬೆಚ್ಚಿಸಿದ್ದು ಫ್ಯೂಸು. ಅದು ಬ್ಯಾಟರಿಯ ಬಳಿ ಇರದೆ, ಹಿಂದೆ ಆಂಪ್ಲಿಫೈಯರಿನ ಪಕ್ಕದಲ್ಲಿತ್ತು. ನಡುವಿನ ಸಪೂರ ತಂತಿ ಕಬ್ಬಿಣದ ಅಂಚಿಗೆ ಉಜ್ಜಿ, ಅದರ ಹೊದಿಕೆ ಅರ್ಧ ಸವೆದಿತ್ತು.

“ಫ್ಯೂಸು ಕಾಯುವುದು ತಂತಿಯನ್ನು, ತಮಾ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಅದು ಇರಬೇಕು. ಇನ್ನೊಂದು ವಾರ ಹೀಗೇ ಓಡಿಸಿದ್ದರೆ ಗಾಡಿಯೇ ಹೊತ್ತಿ ಉರಿಯುತ್ತಿತ್ತು.”

ತರುಣನ ಮುಖ ಬಿಳಿಚಿತು. ಸಾಲದ ಕಂತುಗಳು ಇನ್ನೂ ಬಾಕಿ ಇದ್ದವು.

ಕೊನೆಗೆ ಹಿರಿಯರು ಹೇಳಿದ ಮಾತೇ ಅವನ ಮನಸ್ಸಿನಲ್ಲಿ ನಿಂತಿತು. 100 ವಾಟನ್ನು 1000 ಮಾಡಿದರೆ ಹೆಚ್ಚುವುದು 10 ಡೆಸಿಬೆಲ್. ಮನುಷ್ಯನ ಕಿವಿಗೆ ಅದು ಹತ್ತುಪಟ್ಟಲ್ಲ, ಸುಮಾರು ಎರಡು ಪಟ್ಟು ಮಾತ್ರ. ಹತ್ತರಷ್ಟು ಬಲ ತೆತ್ತು ಎರಡರಷ್ಟು ನಾದ ಕೊಳ್ಳುವ ವ್ಯಾಪಾರ ಇದು. ಅದೂ ಅಲ್ಲದೆ, 2000ರ ಶಬ್ದಮಾಲಿನ್ಯ ನಿಯಮಗಳು ಜನವಸತಿಯ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ 45 ಡೆಸಿಬೆಲಿನ ಮಿತಿಯನ್ನಿಟ್ಟಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗಿನ ಅವಧಿಯನ್ನೇ ರಾತ್ರಿಯೆಂದು ಎಣಿಸಿವೆ.

ಅವನು ದೊಡ್ಡ ಆಂಪ್ಲಿಫೈಯರನ್ನು ಮಾರಿ, ಚಿಕ್ಕದೊಂದನ್ನು ಹಾಕಿಸಿದನು. ತಂತಿ, ಫ್ಯೂಸುಗಳ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಲಿಲ್ಲ.

ಸ್ಥಳಪುರಾಣದ ರಾವಣನು ಗಾನದಿಂದ ಶಿವನನ್ನು ಒಲಿಸಿ ಆತ್ಮಲಿಂಗವನ್ನು ಪಡೆದನಂತೆ. ಬಾಲಗಣಪತಿಯು ಅದನ್ನು ಗೋಕರ್ಣದಲ್ಲಿ ನೆಲಕ್ಕಿಟ್ಟ ಮೇಲೆ, ಇಪ್ಪತ್ತು ತೋಳುಗಳ ಬಲವನ್ನೆಲ್ಲ ಹಾಕಿ ಎಳೆದರೂ ಅದು ಕದಲಲಿಲ್ಲವಂತೆ. ಮಹಾಬಲನೆಂಬ ಹೆಸರು ಉಳಿದದ್ದು ದೇವರಿಗೇ.

ಈಗಲೂ ಒಮ್ಮೊಮ್ಮೆ ಆ ಗಾಡಿ ಸಂಜೆ ಗುಡ್ಡದ ಅಂಚಿಗೆ ಬರುತ್ತದೆ. ಮೆಲ್ಲಗೆ ಒಂದೆರಡು ಹಾಡುಗಳಾದ ಮೇಲೆ ತರುಣನು ಸ್ವಿಚ್ಚನ್ನು ಆರಿಸಿ ಮೆಟ್ಟಿಲಿಳಿಯುತ್ತಾನೆ. ಕೆಳಗೆ ಅಲೆಗಳು ಬಂಡೆಗಳಿಗೆ ಬಡಿದು ಮೊರೆಯುತ್ತಿರುತ್ತವೆ. ಬೆಳಗಿನ ಜಾವ ತದಡಿಯಲ್ಲಿ ಅವನ ಗಾಡಿ ಮೊದಲ ಕೀಲಿಗೇ ಎಚ್ಚರಗೊಳ್ಳುತ್ತದೆ.