ಜಾಕ್ ಎತ್ತಾಕ, ದಿಮ್ಮಿ ಹೊರಾಕ



ಈ ಸಲ ಕಬ್ಬಿನ ಹಂಗಾಮ ಸುರು ಆಗೂಕಿಂತ ಮೊದಲ ನಮ್ಮ ಟ್ರ್ಯಾಕ್ಟರಿನ ಮುಂದಿನ ಎಕ್ಸೆಲ್ ಮನ್ಯಾಗ ಬಿಚ್ಚಿ ರಿಪೇರಿ ಮಾಡಿದ್ವಿ. ಹೋದ ವರ್ಷ ಉಗಾರ ರಸ್ತೆದಾಗ ಎರಡು ಟ್ರೇಲರ್ ಕಬ್ಬು ಜಗ್ಗುವಾಗ ಸ್ಟೇರಿಂಗ್ ನಡಗತಿತ್ತು. ತಗ್ಗು ಬಂತಂದ್ರ ಮುಂದಿನ ಗಾಲಿ ಕೈಮಾತು ಕೇಳತಿರಲಿಲ್ಲ. ಅದ ರಸ್ತೆದಾಗ ಸಾಲಿ ಹುಡುಗ್ರು ಸೈಕಲ್ ಮ್ಯಾಲ ಹೋಗತಾರ. ಅದಕ್ಕ ಪಿನ್, ಬುಶ್, ಬೇರಿಂಗ್, ಸೀಲ್ ಎಲ್ಲಾ ಮಿರಜಿನಿಂದ ತಂದು ನಾನು, ಮಗ ಕೆಲಸಕ್ಕ ಕುಂತ್ವಿ.

ಹಿಂದಿನ ಗಾಲಿಗೆ ಮುಂದ-ಹಿಂದ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಹಾಕಿದ್ವಿ. ಮುಂದಿನ ಗಾಲಿ ನೆಲದ ಮ್ಯಾಲ ಇದ್ದಾಗನ ನಟ್ ಸಡ್ಲ ಮಾಡಿದ್ವಿ. ನಮ್ಮ ಅಂಗಳ ಎರಿಮಣ್ಣು, ಜಾಕಿನ ಬುಡಕ ಹಲಗಿ ಇಟ್ಟು ಇಂಜಿನ್ ಎತ್ತಿ ಗಾಲಿ ತಗದ್ವಿ. ಮಗ ನಡುವಿನ ಪಿನ್ ಹೊಡಿಯಾಕ ಬುಡಕ ತೂರಿದ. "ದಿಮ್ಮಿ ಇಡೂತನಕ ಹೊರಗ ಬಾ" ಅಂದೆ. "ಐದು ನಿಮಿಷದ ಕೆಲಸ ಐತಿ ಅಪ್ಪಾ" ಅಂದ. ನಾ ಬಿಡಲಿಲ್ಲ. ಜಾಲಿ ದಿಮ್ಮಿ ಅಡ್ಡಡ್ಡ ಪೇರಿಸಿ ಇಂಜಿನ್ ಬುಡಕ ಇಟ್ಟೆ. ಆದರ ಭಾರ ದಿಮ್ಮಿ ಮ್ಯಾಲ ಇಳಿಸಲಿಲ್ಲ, ಬೆರಳಷ್ಟು ಸಂದು ಬಿಟ್ಟೆ. ಅದು ನನ್ನ ತಪ್ಪು.

ಸುತ್ತಿಗಿ ಏಟಿಗೆ ಪಿನ್ ಹೊರಗ ಬರೂದಕ್ಕೂ ಜಾಕ್ ವಾಲೂದಕ್ಕೂ ಸರಿಹೋತು. ಇಂಜಿನ್ ಧಡ್ ಅಂತ ದಿಮ್ಮಿ ಮ್ಯಾಲ ಕುಂತು ಅಲ್ಲೇ ನಿಂತಿತು. ಮಗನ ಕೈ ಒಂದು ಗೇಣಿನ ಆಚೆಗಿತ್ತು. ಹೊರಗ ಬಂದ ಮ್ಯಾಲ ಇಬ್ಬರೂ ಮಾತಾಡಲಿಲ್ಲ. ಅವರವ್ವ ಕೊಟ್ಟ ಚಾ ಆರಿ ಹೋತು.

ಪಿನ್ ಡೀಸೆಲ್‌ದಾಗ ತೊಳದು ನೋಡಿದ್ರ ಒಂದು ಬದಿ ಸವದು ತಗ್ಗು ಬಿದ್ದಿತ್ತು. ಎಂಟು ದಿನಕ್ಕೊಮ್ಮೆ ಗ್ರೀಸ್ ಹೊಡಿತಿದ್ದೆ, ಆದರ ತೂತಿನ್ಯಾಗ ಒಣಗಿದ ಮಣ್ಣು ಸಿಕ್ಕೊಂಡಿತ್ತು. ಗ್ರೀಸ್ ನಿಪ್ಪಲ್ ಸುತ್ತ ಹೊರಗ ಬರತಿತ್ತು, ಒಳಗ ಹೋಗಿರಲಿಲ್ಲ. ಇನ್ನೊಂದು ಮಾತು: ಗಾಲಿ ನೆಲದ ಮ್ಯಾಲ ಇದ್ದಾಗ ಪಿನ್ನಿನ ಭಾರ ಬೀಳೂ ಬದಿ ಬಿಗಿಯಾಗಿ ಒತ್ತಿರತೈತಿ, ಅಲ್ಲಿಗೆ ಗ್ರೀಸ್ ಸರಿಯಾಗಿ ಹೋಗೂದಿಲ್ಲ. ಮುಂದಿನ ಭಾಗ ಎತ್ತಿ, ಎಕ್ಸೆಲ್ ಜೋತಾಡುವಂಗ ಮಾಡಿ ಹೊಡಿರಿ. ಬುಶ್ಶಿನ ಅಂಚಿನಿಂದ ಹೊಸ ಗ್ರೀಸ್ ಕಂಡ ಮ್ಯಾಲ ನಿಲ್ಲಸ್ರಿ.

ಜೋಡಿಸುವಾಗ ಹಬ್ಬಿನ ನಟ್ ಗಾಲಿ ತಿರುಗಸ್ತಾ ಬಿಗಿ ಮಾಡಿ, ಆಮ್ಯಾಲ ಸ್ವಲ್ಪ ಸಡ್ಲ ಬಿಟ್ಟು, ಹೊಸ ಕಾಟರ್ ಪಿನ್ ಹಾಕಿದ್ವಿ. ಬಾಳ ಬಿಗಿ ಆದ್ರ ಬೇರಿಂಗ್ ಕಾದು ಸುಡತೈತಿ, ಸಡ್ಲಾದ್ರ ಗಾಲಿ ಅಲ್ಲಾಡತೈತಿ. ಸ್ಟೇರಿಂಗ್ ರಾಡ್ ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಿ ಬರದಿಟ್ಟಿದ್ವಿ, ಅಷ್ಟ ಸುತ್ತು ತಿರುಗಿಸಿದ್ವಿ.

ಈಗ ಸ್ಟೇರಿಂಗ್ ಒಂದ ಕೈಯಾಗ ನಿಲ್ಲತೈತಿ. ಮೊನ್ನೆ ಟ್ರೇಲರ್ ಪಂಚರ್ ಆದಾಗ ನಾ ಹೇಳೂಕಿಂತ ಮೊದಲ ಮಗ ದಿಮ್ಮಿ ಹೊತ್ತು ತಂದ. ಭಾರ ದಿಮ್ಮಿ ಮ್ಯಾಲ ಇಳಿಸಿ, ಕೈಲೇ ನೂಕಿ ನೋಡಿ, ಆಮ್ಯಾಲ ಗಾಲಿ ಬಿಚ್ಚಿದ.

ಹಂಗಾಮಕ್ಕ ಮೊದಲ ನೀವೂ ಮುಂದಿನ ಗಾಲಿ ಎತ್ತಿ, ಮ್ಯಾಲ-ಕೆಳಗ ಹಿಡಿದು ಅಲ್ಲಾಡಿಸಿ ನೋಡ್ರಿ. ಕಟಕಟ ಅಂದ್ರ ಬಿಚ್ಚೂದು ಬಂತು. ಆದರ ದಿಮ್ಮಿ ಇಡಲಾರದ ಬುಡಕ ತೂರಬ್ಯಾಡ್ರಿ.