ಕರಿಬಟ್ಟೆ ಪುರಾಣ

ಹಳೇ ಸ್ಟುಡಿಯೋಗಳಲ್ಲಿ ಮರದ ಕ್ಯಾಮೆರಾ ಹಿಂದೆ ಕರಿಬಟ್ಟೆಯೊಳಗೆ ತಲೆ ತೂರಿಸಿ ನಿಲ್ಲುತ್ತಿದ್ದರಲ್ಲ, ನನ್ನದೂ ಅದೇ ಜಾತಿಯ ಕ್ಯಾಮೆರಾ. ಫಿಲ್ಮಿನ ಒಂದೊಂದು ಹಾಳೆಯೂ 4×5 ಇಂಚು. ಹಿಂದಿನ ಮಸುಕು ಗಾಜಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತೆ. ಬಿಸಿಲಲ್ಲಿ ಅದು ಕಾಣಬೇಕಂದ್ರೆ ಬಟ್ಟೆ ಹೊದೆಯಲೇಬೇಕು.

ಈಗ್ಯಾಕೆ ಈ ಪುರಾಣ ಅಂತೀರಾ? ನಮ್ಮ ಬೆನ್ಸನ್ ಟೌನಿನ ಮಂಕಿ ಟಾಪ್ ಬಂಗಲೆಗಳು ಒಂದೊಂದಾಗಿ ಮಾಯವಾಗ್ತಿವೆ. ಕಿಟಕಿ, ಪೋರ್ಟಿಕೋಗಳ ಮೇಲೆ ಮರದ ಪಟ್ಟಿ ಜೋಡಿಸಿದ ಚೂಪು ತಲೆಯ ಮುಚ್ಚಿಗೆ ಇರುತ್ತಲ್ಲ, ಅದೇ ಮಂಕಿ ಟಾಪ್. ಹಿಂದಿನ ಬೀದಿಯ ಅಂಥದೊಂದು ಮನೆ ಮಾರಾಟವಾಗಿದೆ. ಆ ಮನೆಯ ಆಂಟಿಗೆ ಎಂಬತ್ತರ ಮೇಲಾಗಿದೆ. "ಕೀ ಕೊಡೋಕೆ ಮುಂಚೆ ಒಂದು ದೊಡ್ಡ ಫೋಟೋ ತೆಗೆದುಕೊಡಪ್ಪಾ, ಫ್ಲ್ಯಾಟಲ್ಲಿ ಹಾಕ್ಕೋತೀನಿ" ಅಂದ್ರು. ಉಳಿದಿದ್ದು ಹತ್ತೇ ದಿನ.

ಎತ್ತರದ ಮನೆ ತೆಗೆಯುವಾಗ ಕ್ಯಾಮೆರಾ ಮೇಲಕ್ಕೆ ವಾಲಿಸಿದ್ರೆ ಗೋಡೆಗಳು ಒಳಕ್ಕೆ ಬಾಗಿದಂತೆ ಬರುತ್ತವೆ. ನಮ್ಮ ಕ್ಯಾಮೆರಾದಲ್ಲಿ ಹಾಗಲ್ಲ, ಕ್ಯಾಮೆರಾ ನೇರ ಇಟ್ಟು ಲೆನ್ಸನ್ನಷ್ಟೇ ಮೇಲಕ್ಕೆ ಸರಿಸಬಹುದು. ಆದ್ರೆ ಆಗ ಮನೆಯ ತಲೆಭಾಗ ಗಾಜಿನ ಕೆಳ ಅಂಚಿಗೆ ಬರುತ್ತೆ. ಅಲ್ಲಿ ಬೆಳಕು ತೀರಾ ಕಮ್ಮಿ. ಬಟ್ಟೆಯೊಳಗೆ ಪೂರ್ತಿ ಕತ್ತಲೆ ಇಲ್ಲದಿದ್ರೆ ಆ ಮೂಲೆಯ ಫೋಕಸ್ ಬರೀ ಊಹೆ!

ನನ್ನ ಹಳೇ ಮಖಮಲ್ ಬಟ್ಟೆ ಕತ್ತಲೆಯೇನೋ ಕೊಡುತ್ತೆ, ಆದ್ರೆ ಒಂದು ಕೆಜಿ ಮೇಲಿದೆ. ಒಳಗೆ ಐದು ನಿಮಿಷ ಇದ್ರೆ ಇಡ್ಲಿ ಬೆಂದಹಾಗೆ ಬೇಯ್ತೀನಿ. ಜತೆಗೆ ಕುತ್ತಿಗೆ ನೋವು. ಹಾಗಾಗಿ ಶಿವಾಜಿನಗರಕ್ಕೆ ಹೊರಟೆ.

ಕೊಡೆ ಮಾಡುವ ನೈಲಾನ್ ಎಲ್ಲಕ್ಕಿಂತ ಹಗುರ. ಆದ್ರೆ ಗಾಳಿಗೆ ಪಟಪಟ ಅನ್ನುತ್ತೆ, ಉಸಿರಿನ ಬಿಸಿಯೂ ಆಚೆ ಹೋಗಲ್ಲ, ಗಾಜಿನ ಮೇಲೆ ಮಂಜು ಕೂರುತ್ತೆ. ಕರೀ ಕಾಟನ್ ಪಾಪ್ಲಿನ್‌ನಲ್ಲಿ ಸೆಕೆ ಕಮ್ಮಿ. ಟ್ಯೂಬ್‌ಲೈಟಿಗೆ ಹಿಡಿದ್ರೆ ಮಾತ್ರ ನಕ್ಷತ್ರ ಮಂಡಲ! ಕೊನೆಗೆ ಸಿಕ್ಕಿದ್ದು ಬುರ್ಖಾ ಹೊಲಿಯುವ ನಿದಾ ಬಟ್ಟೆ. ಹಗುರ, ಮೆತ್ತಗೆ, ಹೊಳಪಿಲ್ಲದ ಗಾಢ ಕಪ್ಪು. ಅಂಗಡಿಯವರು "ಮನೆಯವರಿಗಾ ಸಾರ್? ಎಷ್ಟು ಎತ್ತರ ಇದಾರೆ?" ಅಂದ್ರು. "ಕ್ಯಾಮೆರಾಗೆ" ಅಂದೆ. ಬಿದ್ದೂ ಬಿದ್ದೂ ನಕ್ಕರು :-)

ನಾಲ್ಕು ಅಡಿ ಅಗಲ, ಐದು ಅಡಿ ಉದ್ದ. ಒಳಗೆ ನಿದಾ, ಹೊರಗೆ ಬಿಸಿಲು ಹೀರದಂತೆ ಬಿಳೀ ಪಾಪ್ಲಿನ್. ಎರಡೂ ಸೇರಿಸಿ ಸೂರ್ಯನಿಗೆ ಹಿಡಿದು ನೋಡಿಯೇ ಹೊಲಿಯೋಕೆ ಕೊಟ್ಟಿದ್ದು. ಕ್ಯಾಮೆರಾಗೆ ಸುತ್ತಿ ಕಟ್ಟೋಕೆ ಒಂದಂಚಿಗೆ ವೆಲ್ಕ್ರೋ, ಗಾಳಿಗೆ ಹಾರದಂತೆ ಮೂಲೆಗಳಲ್ಲಿ ನಾಲ್ಕು ಸಣ್ಣ ವಾಷರ್. ಒಟ್ಟು ತೂಕ ಅರ್ಧ ಕೆಜಿಯೊಳಗೇ.

ಭಾನುವಾರ ಬೆಳಿಗ್ಗೆ ಬಂಗಲೆ ಮುಂದೆ ನಿಂತೆ. ಫೋಕಸ್ ಮುಗಿಸಿ ಆಂಟಿಯನ್ನೂ ಒಳಗೆ ಕರೆದೆ. ಅವರು ತಲೆಕೆಳಗಾದ ಮನೆಯನ್ನು ಸುಮಾರು ಹೊತ್ತು ನೋಡಿದ್ರು. ಆಮೇಲೆ ಗಾಜಿನ ಕೆಳ ಅಂಚಿನ ಮಬ್ಬು ಮೂಲೆಗೆ ಬೆರಳಿಟ್ಟು, "ಈ ಕಿಟಕಿ ನಮ್ಮಪ್ಪನ ರೂಮಿಂದು" ಅಂದ್ರು. ಮಂಕಿ ಟಾಪಿನ ಪಟ್ಟಿಗಳನ್ನೂ ಎಣಿಸಿದ್ರು. ಮಖಮಲ್ಲಿನ ಭಾರಕ್ಕೆ ಅವರನ್ನು ಕರೆಯೋ ಧೈರ್ಯವೇ ನನಗಿರಲಿಲ್ಲ.

ನಾಲ್ಕು ಹಾಳೆ ತೆಗೆದಿದ್ದೀನಿ. ತೊಳೆದು ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಕೊಡಬೇಕು. ನಿಮ್ಮ ಬೀದಿಯಲ್ಲೂ ಇಂಥ ಮನೆ ಉಳಿದಿದ್ರೆ ಹೇಳಿ. ಬಟ್ಟೆ ಈಗ ಹಗುರ, ಬಂದೇ ಬರ್ತೀನಿ.